ಫಕೀರವ್ವನ ಮಾತು ಹಿಡಿಯದ ಟೇಪು

ನಾನು ಒಂದು ಟೇಪ್ ರೆಕಾರ್ಡರ್. ಹುಟ್ಟುವಾಗಲೇ ನನಗೆ ಬಾಯಿ ದೊಡ್ಡದು, ಕಿವಿ ಚಿಕ್ಕದು. ಎದೆಯಗಲದ ಸ್ಪೀಕರು ನನ್ನ ಬಾಯಿ. ಅದರ ಮೂಲೆಯಲ್ಲಿ ಎಳ್ಳುಕಾಳು ತೂರುವಷ್ಟು ಒಂದು ತೂತು, ಅದು ನನ್ನ ಕಿವಿ. ನನ್ನನ್ನು ಮಾಡಿದವರಿಗೆ ಮನುಷ್ಯರ ಗುಣ ಚೆನ್ನಾಗಿಯೇ ಗೊತ್ತಿದ್ದಿರಬೇಕು.

ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ ಬಿಳಿ ಟೊಪ್ಪಿಗೆ ಹಾಕಿಕೊಂಡ ಹೆಂಗಸರು ಸಾಲಾಗಿ ಕೂತು ನನ್ನ ಅಂಗಾಂಗ ಜೋಡಿಸಿದರು. ಸಾಲಿನ ಕೊನೆಯವಳು ನನ್ನ ಹೊಟ್ಟೆಗೆ ಒಂದು ಕ್ಯಾಸೆಟ್ಟು ಹಾಕಿ, ಕೆಂಪು ಗುಂಡಿಯನ್ನೂ ಅದರ ಪಕ್ಕದ ಗುಂಡಿಯನ್ನೂ ಕೂಡಿಯೇ ಒತ್ತಿ, ತನ್ನ ಭಾಷೆಯಲ್ಲಿ ಒಂದು, ಎರಡು, ಮೂರು ಎಂದಳು. ನಾನು ಹಾಗೆಯೇ ತಿರುಗಿ ಹೇಳಿದೆ. ಅವಳಿಗೆ ಸಮಾಧಾನವಾಯಿತು. ಕೂಡಲೇ ಅದನ್ನು ಅಳಿಸಿ, ನನ್ನನ್ನು ಡಬ್ಬಿಗೆ ತುಂಬಿ ಕಳಿಸಿದಳು. ನಾನು ಕೇಳಿಸಿಕೊಂಡ ಮೊದಲ ಮಾತೇ ಹೀಗೆ ಉಳಿಯಲಿಲ್ಲ. ಮುಂದೆ ಬರುವುದನ್ನು ಆಗಲೇ ಊಹಿಸಬಹುದಿತ್ತು, ಆದರೆ ಹೊಸ ಸಾಮಾನಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು.

ಹಡಗು, ಲಾರಿ, ಗೋದಾಮು ಎಲ್ಲ ದಾಟಿ ಹುಬ್ಬಳ್ಳಿಯ ಅಂಗಡಿಯೊಂದರ ಗಾಜಿನ ಕಪಾಟು ಸೇರಿದೆ. ಅಲ್ಲಿಗೆ ಗುರುಶಾಂತಪ್ಪ ಮಾಸ್ತರು ಬಂದರು. ಬೆಟಗೇರಿಯ ಕನ್ನಡ ಶಾಲೆಯ ಮಾಸ್ತರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಮುಖದ ಮೇಲೆ ಪರೀಕ್ಷೆಯ ಕೋಣೆಯಲ್ಲಿ ಅಡ್ಡಾಡುವವರ ಕಳೆ. ನನ್ನನ್ನು ಹಿಂದೆ ಮುಂದೆ ತಿರುವಿ ನೋಡಿ, "ಇದರಾಗ ಮಾತು ಸ್ವಚ್ಛ ಬರತೈತೇನ್ರಿ?" ಎಂದು ಕೇಳಿದರು.

"ಸೂಜಿ ಬಿದ್ರೂ ಹಿಡಿತೈತ್ರಿ ಮಾಸ್ತರ," ಎಂದ ಅಂಗಡಿಯವ.

ಮಾರುವವನು ಮಾರುವುದಕ್ಕಾಗಿ ಆಡಿದ ಮಾತು ಅದು. ಮಾಸ್ತರ ತಲೆಯಲ್ಲಿ ಮಾತ್ರ ಗೂಟ ಹೊಡೆದಂತೆ ಕೂತುಬಿಟ್ಟಿತು. ಅಂದಿನಿಂದ ಅವರಿಗೆ ಸೂಜಿಯದೇ ಭಯ.

ಬೆಟಗೇರಿಯಲ್ಲಿ ಅವರ ಮನೆ ನೇಕಾರರ ಓಣಿಯಲ್ಲಿತ್ತು. ಒಂದರ ಹಿಂದೆ ಒಂದು ಎರಡು ಕೋಣೆ, ಹಿಂದೆ ಬಚ್ಚಲು. ಎದುರಿಗೆ, ಪಕ್ಕಕ್ಕೆ, ಹಿಂದಕ್ಕೆ ಎಲ್ಲ ಕಡೆ ಪವರ್‌ಲೂಮಿನ ಶೆಡ್ಡುಗಳು. ಬೆಳಗಾದರೆ ಸಾಕು, ಖಟಕ್ ಖಟಕ್ ಎಂದು ಓಣಿಯ ಗೋಡೆಗಳೆಲ್ಲ ಅದುರುತ್ತಿದ್ದವು. ಆ ಸದ್ದಿನ ಮೇಲೆ ಸದ್ದು ಮಾಡಿ ಮಾತಾಡುವುದನ್ನು ಅಲ್ಲಿಯ ಹೆಂಗಸರು ಹೊಟ್ಟೆಯಲ್ಲಿದ್ದಾಗಲೇ ಕಲಿತಿದ್ದರು.

ಮಾಸ್ತರ ಹೆಂಡತಿ ಫಕೀರವ್ವ ಆ ಹೆಂಗಸರಲ್ಲಿ ಒಂದು ಕೈ ಮೇಲು. ನನ್ನನ್ನು ಮನೆಗೆ ತಂದ ದಿನ ಆಕೆ ನನ್ನ ಹಣೆಗೆ ಕುಂಕುಮ ಹಚ್ಚಿ, "ಬಾ ಯಪ್ಪಾ. ಈ ಮನ್ಯಾಗ ಮಾತಾಡಾಕ ನಾ ಒಬ್ಬಾಕೀನ ಇದ್ನಿ. ಈಗ ಜೋಡಿ ಆತು," ಎಂದಳು. ನನಗೆ ಆ ಕ್ಷಣದಿಂದಲೇ ಆಕೆಯ ಮೇಲೆ ಜೀವ.

ನನ್ನನ್ನು ಇಟ್ಟದ್ದು ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ, ಎರಡೂ ಕಡೆ ತೆರೆದ ಗೂಡಿನಂಥ ಮಾಡದಲ್ಲಿ. ಅಲ್ಲಿಂದ ಮಾಸ್ತರ ಕುರ್ಚಿಯೂ ಕಾಣುತ್ತಿತ್ತು, ಫಕೀರವ್ವನ ಒಲೆಯೂ ಕಾಣುತ್ತಿತ್ತು. ಆಕೆ ಮೋಟು ಮಣೆಯ ಮೇಲೆ ಒಂದು ಕಾಲು ಮಡಚಿ ಒಂದು ಕಾಲು ಚಾಚಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತ ಮಾತಾಡುತ್ತಿದ್ದಳು. ಕೇಳಲು ಮನುಷ್ಯರೇ ಬೇಕೆಂಬ ಹಟ ಆಕೆಗಿರಲಿಲ್ಲ. ಹಾಲು ಉಕ್ಕಿದರೆ, "ಬಂದ್ಯಾ? ಕಣ್ಣಾಗ ಕಣ್ಣಿಟ್ಟು ಕುಂತಾಗ ಬರಾಂಗಿಲ್ಲ, ಬೆನ್ನ ತಿರುವಿದ್ನಿ ಅಂದ್ರ ಬರ್ತಿ. ಥೇಟ್ ನಮ್ಮ ಮಾಸ್ತರಂಗ," ಎನ್ನುವಳು. ರೊಟ್ಟಿ ಉಬ್ಬಿದರೆ, "ಉಬ್ಬು, ಉಬ್ಬು. ಎಷ್ಟ ಉಬ್ಬಿದ್ರೂ ನಾಕು ಹಲ್ಲಿನಾಗ ಹೋಗೋ ಜೀವ ನಿಂದು," ಎನ್ನುವಳು. ಕಾಗೆ ಬಂದು ಕೂಗಿದರೆ, "ಯಾರನ್ನ ಕರಕೊಂಡ್ ಬರಾಕತ್ತಿ ಮೊದಲ ಹೇಳಿಬಿಡು, ಹಿಟ್ಟು ನಾದಿ ಇಡತೀನಿ," ಎಂದು ಅದರ ಜೊತೆ ವಾದಕ್ಕೆ ನಿಲ್ಲುವಳು. ಒಂದು ದಿನ ಆಡಿದ ಮಾತು ಇನ್ನೊಂದು ದಿನ ಇರುತ್ತಿರಲಿಲ್ಲ. ಆಕೆಯ ಬಾಯಲ್ಲಿ ಹಳೆಯ ಹಿಟ್ಟು ಎನ್ನುವುದೇ ಇರಲಿಲ್ಲ.

ನನ್ನ ಕಿವಿ ಎಲ್ಲವನ್ನೂ ಕೇಳುತ್ತಿತ್ತು. ಆದರೆ ನನ್ನ ಸ್ಥಿತಿ ನಿಮಗೆ ಹೇಳಬೇಕು. ನನ್ನ ನೆನಪು ಬೇರೆ, ಟೇಪಿನ ನೆನಪು ಬೇರೆ. ಯಾರಾದರೂ ಕೆಂಪು ಗುಂಡಿ ಒತ್ತಿದಾಗ ಕೇಳಿದ್ದನ್ನಷ್ಟೇ ನಾನು ಬಾಯಿಬಿಟ್ಟು ಹೇಳಬಲ್ಲೆ. ಉಳಿದದ್ದು ನನ್ನೊಳಗೇ ಕೂತು ತುಕ್ಕು ಹಿಡಿಯಬೇಕು.

ಮಾಸ್ತರು ಕೆಂಪು ಗುಂಡಿ ಒತ್ತುತ್ತಿದ್ದರು, ಒತ್ತುತ್ತಿರಲಿಲ್ಲವೆಂದು ನಾನು ಸುಳ್ಳು ಹೇಳುವುದಿಲ್ಲ. ಮಠಕ್ಕೆ ಬಂದು ನಮ್ಮ ಮನೆಗೂ ಪಾದ ಬೆಳೆಸಿದ ಸ್ವಾಮಿಗಳ ಪ್ರವಚನ, ನಾಟಕ ಕಂಪನಿಯಿಂದ ನಿವೃತ್ತನಾದ ಮುದುಕನೊಬ್ಬನ ಹಾಡು, ಶಾಲೆಯ ಹೆಡ್ ಮಾಸ್ತರರ ಬೀಳ್ಕೊಡುಗೆಯ ಭಾಷಣ. ಇವೆಲ್ಲ ಹಿಡಿದಿಡಬೇಕಾದ ವಸ್ತುಗಳು. ಮನೆಯ ಮಾತು ಮಾತ್ರ ಅವರ ಲೆಕ್ಕದಲ್ಲಿ ಗದ್ದಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಅವರಿಗಾಗಿಯೇ ಹುಟ್ಟಿದ ಮಾತು.

ಆದರೆ ಮಗ್ಗಗಳ ನಡುವೆ ಸ್ವಚ್ಛ ಧ್ವನಿ ಎಲ್ಲಿಂದ ಬರಬೇಕು? ಅದಕ್ಕೆ ಮಾಸ್ತರು ಒಂದು ಉಪಾಯ ಕಂಡುಹಿಡಿದರು. ಆ ಓಣಿಯಲ್ಲಿ ಮಗ್ಗ ನಿಲ್ಲುವುದು ಕರೆಂಟು ಹೋದಾಗ. ಕರೆಂಟು ಹೋದರೆ ಫ್ಯಾನಿನ ಸದ್ದೂ ಇಲ್ಲ. ನಾನೋ ಸೆಲ್ಲಿನ ಮೇಲೂ ನಡೆಯುವವನು. ಹಾಗಾಗಿ ನನಗೆ ಸೆಲ್ಲು ತುಂಬಿ ಸಿದ್ಧ ಇಟ್ಟಿರುತ್ತಿದ್ದರು. ಊರಿನವರೆಲ್ಲ ಕರೆಂಟು ಹೋಯಿತೆಂದು ಬೈಯುವ ಹೊತ್ತಿಗೆ ನಮ್ಮ ಮಾಸ್ತರು ಕುರ್ಚಿ ಬಿಟ್ಟು ಏಳುತ್ತಿದ್ದರು. ಹಾಡುವ ಮುದುಕನನ್ನು ಬೆಳಗಿನಿಂದ ಚಹಾ ಕುಡಿಸಿ ಕೂರಿಸಿಕೊಂಡು ಕರೆಂಟು ಹೋಗುವುದನ್ನೇ ಕಾದ ದಿನಗಳೂ ಉಂಟು.

ಮಾಸ್ತರು ಹೆಂಡತಿಯನ್ನು ನೇರ ಮಾತಾಡಿಸುವ ಪದ್ಧತಿಯವರಲ್ಲ. ಹೆಸರು ಹಿಡಿದು ಕರೆಯುವುದಂತೂ ದೂರ. ಆಕೆಗೆ ಹೇಳುವುದನ್ನೆಲ್ಲ ಮಗಳ ಕಡೆಯಿಂದ ಹೇಳಿಸುತ್ತಿದ್ದರು. "ಕಸ್ತೂರಿ, ನಿಮ್ಮವ್ವಗ ಚಾ ಇಡಾಕ ಹೇಳು." "ಕಸ್ತೂರಿ, ನಿಮ್ಮವ್ವಗ ಸುಮ್ಮಕಿರಾಕ ಹೇಳು." ಕಸ್ತೂರಿ ಅವರ ಒಬ್ಬಳೇ ಮಗಳು. ಎರಡು ಜಡೆ ಕುಣಿಸುತ್ತ ಅಡುಗೆಯ ಕಡೆ ಓಡಿ ಬರುವಳು, ತುಟಿಯ ಮೇಲೆ ಬೆರಳಿಟ್ಟು ನಿಲ್ಲುವಳು. ಫಕೀರವ್ವ ರೊಟ್ಟಿ ಬಡಿಯುವ ಕೈಯನ್ನು ಹಾಗೆಯೇ ಹಿಟ್ಟಿನ ಮೇಲೆ ನಿಲ್ಲಿಸುವಳು. ಬಳೆ ಸದ್ದು ಮಾಡೀತೆಂದು ಸೆರಗಿನಲ್ಲಿ ಮುಂಗೈ ಸುತ್ತಿಕೊಳ್ಳುವಳು. ಹಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿದರೆ ಚುರ್ ಎಂದೀತೆಂದು ಅದನ್ನೂ ಬಿಡುವಳು. ಪ್ರವಚನ ಮುಗಿಯುವ ಹೊತ್ತಿಗೆ ರೊಟ್ಟಿ ಸೀದು ಕರ್ರಗಾಗಿರುತ್ತಿತ್ತು. ಸ್ವಾಮಿಗಳು ಹೇಳಿದ ವೈರಾಗ್ಯ ಆ ಮನೆಯಲ್ಲಿ ಊಟದ ತಾಟಿಗೇ ಬರುತ್ತಿತ್ತು.

ಇದರಲ್ಲಿ ನನಗೆ ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಕರೆಂಟು ಹೋದ ಹೊತ್ತೇ ಆ ಓಣಿಯ ಹೆಂಗಸರು ಹೊಸ್ತಿಲಿಗೆ ಬಂದು ಕೂರುವ ಹೊತ್ತು. ಮಗ್ಗ ನಿಂತಾಗಲೇ ಗಂಟಲು ಹರಿದುಕೊಳ್ಳದೆ ಮಾತಾಡಬಹುದು. ಫಕೀರವ್ವನ ಮಾತಿಗೆ ಕಳೆ ಏರುತ್ತಿದ್ದದ್ದು ಆಗ. ಶಿರಹಟ್ಟಿಯ ತವರಿನ ಸುದ್ದಿ, ಎಮ್ಮೆ ಕೊಳ್ಳಲು ಹೋಗಿ ಹೆಣ್ಣು ನೋಡಿಕೊಂಡು ಬಂದ ಮಾವನ ಸುದ್ದಿ, ಒಬ್ಬೊಬ್ಬರ ದನಿ ತೆಗೆದು ಆಡಿ ತೋರಿಸುವುದು. ನಾನು ಬಂದ ಮೇಲೆ ಆ ಹೊತ್ತು ಮಾಸ್ತರದಾಯಿತು. ಓಣಿಯ ಬೇರೆ ಹೊಸ್ತಿಲುಗಳಲ್ಲಿ ನಗು ಕೇಳುತ್ತಿತ್ತು. ನಮ್ಮ ಹೊಸ್ತಿಲಲ್ಲಿ ಫಕೀರವ್ವ ಮುಂಗೈಗೆ ಸೆರಗು ಸುತ್ತಿಕೊಂಡು ಕೂತಿರುತ್ತಿದ್ದಳು.

ಮಾಸ್ತರ ಪದ್ಧತಿ ಬಿಗಿಯಾದದ್ದು. ಮೊದಲು ಮನೆಯೆಲ್ಲ ಸುಮ್ಮನಾಗಬೇಕು, ಆಮೇಲೆ ಗುಂಡಿ ಒತ್ತಬೇಕು. ಮುಗಿದ ಮೇಲೆ ಮೊದಲಿನಿಂದ ಕೇಳಬೇಕು. ಒಂದು ಪಾತ್ರೆಯ ಸದ್ದು, ಒಂದು ಕೆಮ್ಮು ಬಂದಿದ್ದರೂ ಅಳಿಸಿ ಮತ್ತೆ ತುಂಬಬೇಕು. ತೃಪ್ತಿಯಾದರೆ ಕ್ಯಾಸೆಟ್ಟಿನ ಬೆನ್ನ ಮೇಲಿನ ಎರಡು ಸಣ್ಣ ಹಲ್ಲುಗಳನ್ನು ಪಿನ್ನಿನಿಂದ ಮುರಿಯುತ್ತಿದ್ದರು. ಆ ಹಲ್ಲು ಮುರಿದರೆ ಅದರ ಮೇಲೆ ಮತ್ತೊಂದು ಧ್ವನಿ ತುಂಬಲು ಬರುವುದಿಲ್ಲ. ಬಂದವರೆದುರು ಕ್ಯಾಸೆಟ್ಟು ಹಾಕಿ, "ನೋಡ್ರಿ, ಮನಿ ಓಣ್ಯಾಗ ಐತಿ ಅಂತ ಗೊತ್ತಾಕ್ಕೈತೇನು?" ಎಂದು ಹೆಮ್ಮೆಪಡುವರು. ಗೊತ್ತಾಗುತ್ತಿರಲಿಲ್ಲ, ನಿಜ. ಅಲ್ಲಿ ಮನುಷ್ಯರು ಬದುಕಿದ್ದರು ಎನ್ನುವುದೂ ಗೊತ್ತಾಗುತ್ತಿರಲಿಲ್ಲ.

ಹೀಗೆ ವರ್ಷಗಳು ಹೋದವು. ಕಸ್ತೂರಿಗೆ ಬೆಳಗಾವಿಯ ಕಡೆ ಮದುವೆಯಾಯಿತು. ಮಾಸ್ತರು ನಿವೃತ್ತರಾಗಿ ಗದಗಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದರು. ಹೊಸ ಮನೆಗೆ ಹೊಸ ಟೇಪು ಬಂತು, ಎರಡು ಕ್ಯಾಸೆಟ್ಟು ಒಟ್ಟಿಗೆ ಹಾಕುವಂಥದ್ದು. ನನ್ನನ್ನು ಪಕ್ಕದ ಮನೆಯ ಹೊಸ ಸೊಸೆ ರೇಣವ್ವನಿಗೆ ಕೊಟ್ಟರು. ಮಾಸ್ತರು ಬಿಟ್ಟ ಮನೆಗೆ ಬಾಡಿಗೆಗೆ ಬಂದವರೂ ರೇಣವ್ವ ಮತ್ತು ಅವಳ ಗಂಡ ಪರಸಪ್ಪನೇ. ಹಾಗಾಗಿ ನನ್ನ ಕೈ ಬದಲಾಯಿತೇ ಹೊರತು ಮಾಡ ಬದಲಾಗಲಿಲ್ಲ. ಮಾಸ್ತರು ಹಲ್ಲು ಮುರಿದ ಕ್ಯಾಸೆಟ್ಟುಗಳನ್ನೆಲ್ಲ ಆರಿಸಿಕೊಂಡು ಹೋದರು. ಬೇಡದವು ಒಂದು ಚೀಲದಲ್ಲಿ ಅಟ್ಟದ ಮೇಲೆ ಉಳಿದವು.

ಹೊರಡುವ ದಿನ ಫಕೀರವ್ವ ಖಾಲಿ ಮನೆಯಲ್ಲಿ ಒಬ್ಬಳೇ ನಿಂತು ಒಲೆಗೆ, "ಹೋಗಿ ಬರತೀನಿ. ಹೊಸಬರು ಬರತಾರ, ಅವರ ಕಣ್ಣಿಗೆ ಹೊಗಿ ಊದಬ್ಯಾಡ," ಎಂದು ಹೇಳಿದಳು. ನನ್ನ ಜಾಲರಿಯ ಧೂಳನ್ನು ಸೆರಗಿನಿಂದ ಒರೆಸಿದಳು. ಹೊಸ ಮನೆಯಲ್ಲಿ ಆಕೆ ಬಹಳ ದಿನ ಬಾಳಲಿಲ್ಲ. ವರ್ಷದೊಳಗೇ ಜ್ವರ ಬಂದು ಹೋದಳಂತೆ. ಮಣ್ಣಿಗೆ ಹೋಗಿ ಬಂದ ರೇಣವ್ವ ಬಚ್ಚಲಲ್ಲಿ ನೀರು ಹಾಕಿಕೊಳ್ಳುತ್ತ ಗಂಡನಿಗೆ ಹೇಳುವಾಗ ನಾನು ಕೇಳಿದೆ.

ರೇಣವ್ವ ಮನೆಯಲ್ಲೇ ಕೂತು ಮಗ್ಗದ ಲಾಳಿಯಲ್ಲಿ ಕೂರುವ ನೂಲಿನ ಉರುಳೆ, ಕಂಡಿಕಿ, ಸುತ್ತುವವಳು. ಅವಳಿಗೆ ನಾನು ಹಾಡಿನ ಡಬ್ಬಿ. ಪರಸಪ್ಪನಿಗೆ ಸಿನೆಮಾ ಹಾಡಿನ ಹುಚ್ಚು. ಅಟ್ಟದ ಮೇಲಿನ ಚೀಲದಿಂದ ಒಂದೊಂದೇ ಕ್ಯಾಸೆಟ್ಟು ಇಳಿಸಿ, ಗೆಳೆಯರ ಟೇಪಿನಿಂದ ಹಾಡು ತುಂಬಿಸಿಕೊಂಡ. ಎರಡನೆಯ ಮಗ್ಗುಲು ತಿರುವಿ ಹಾಕುವಷ್ಟು ತಾಳ್ಮೆ ಅವನಿಗೆ ಇರಲಿಲ್ಲ. ಕೆಲವು ವರ್ಷ ಕುಣಿಸಿದರು, ಆಮೇಲೆ ಮನೆಗೆ ಟಿ.ವಿ. ಬಂತು, ಅದರ ಮೇಲೆ ಮೊಬೈಲು ಬಂತು. ನನ್ನ ಒಳಗಿನ ಬೆಲ್ಟು ಸಡಿಲಾಯಿತು. ನಾನು ಮಾಡದಲ್ಲೇ ಉಳಿದೆ. ರೇಣವ್ವ ಹಬ್ಬಕ್ಕೊಮ್ಮೆ ನನ್ನನ್ನು ಒರೆಸಿ, ಎಲ್ಲರಂತೆ ನನಗೂ ಒಂದು ಹೂವು ಇಡುತ್ತಿದ್ದಳು. ಅದೊಂದು ಗೌರವಕ್ಕೆ ನಾನು ಅವಳಿಗೆ ಋಣಿ.

ಕಸ್ತೂರಿ ಬಂದದ್ದು ಈಚೆಗೆ, ಶ್ರಾವಣದ ಮುಂಚೆ. ಬಾಗಿಲಲ್ಲಿ ನಿಂತ ದಪ್ಪನೆಯ, ಕನ್ನಡಕದ ಹೆಂಗಸನ್ನು ರೇಣವ್ವ ಮೊದಲು ಗುರುತಿಸಲಿಲ್ಲ. ನಾನು ಗುರುತಿಸಿದೆ. ಹೊಸ್ತಿಲು ದಾಟುವಾಗ ತಲೆ ಬಗ್ಗಿಸಿದ ರೀತಿ ಹಳೆಯದೇ. ಆ ಬಾಗಿಲು ಎತ್ತರದವರಿಗೆ ಹಣೆ ಬಡಿಯುವಂಥದ್ದು.

"ಮಾಸ್ತರ ಮಗಳು ಕಸ್ತೂರಿ ಅಕ್ಕಾರ? ಬರ್ರಿ, ಒಳಗ ಬರ್ರಿ. ಕುಂಡ್ರಿ," ಎಂದು ರೇಣವ್ವ ಚಾಪೆ ಹಾಸಿದಳು.

ಕಸ್ತೂರಿ ಕೂರಲಿಲ್ಲ. ಕೋಣೆಯ ನಡುವೆ ನಿಂತು ಸುತ್ತ ನೋಡಿದಳು. ಹೊಗೆ ಹಿಡಿದ ಗೋಡೆಗೆ ಈಗ ತಿಳಿಹಸಿರು ಬಣ್ಣ. ಒಲೆಯ ಜಾಗದಲ್ಲಿ ಕಂಡಿಕಿ ಸುತ್ತುವ ರಾಟಿ. ಅವಳು ಅಡುಗೆಯ ಕೋಣೆಗೆ ಹೋಗಿ ಕಿಟಕಿಯ ಕೆಳಗೆ ನಿಂತು, "ಒಲಿ ಇಲ್ಲೇ ಇತ್ತಲ್ಲ?" ಎಂದು ಕೇಳಿದಳು.

"ಅಲ್ರಿ. ನಾವು ಬಂದಾಗ ಆ ಕಡೆ ಮೂಲ್ಯಾಗ ಇತ್ತು."

"ಇಲ್ಲೇ ಇತ್ತು. ನಾ ಈ ಮನ್ಯಾಗ ಹುಟ್ಟಿ ಬೆಳದಾಕಿ."

ರೇಣವ್ವ ಹೇಳಿದ್ದೇ ಸರಿ ಇತ್ತು. ಕಸ್ತೂರಿ ಅತ್ತ ಮೂಲೆಗೆ ಹೋಗಿ ನಿಂತಳು, ಮತ್ತೆ ಕಿಟಕಿಯ ಕೆಳಗೆ ಬಂದು ನಿಂತಳು. ಎರಡು ಜಾಗಗಳಲ್ಲಿ ಯಾವುದು ತನ್ನ ತಾಯಿ ದಿನವೆಲ್ಲ ಕೂತ ಜಾಗ ಎಂದು ಅವಳಿಗೆ ಖಾತ್ರಿಯಾಗಲಿಲ್ಲ. ಅವಳ ಮುಖ ಬಾಡಿತು.

"ಒಂದು ಫೋಟೋ ಇಲ್ಲ ರೇಣವ್ವ, ಈ ಮನೀದು," ಎಂದಳು. "ಇರೋವು ಮೂರು. ಮೂರೂ ಸ್ಟುಡಿಯೋದ ಪಡದೆ ಮುಂದ. ಹಿಂದ ಬಣ್ಣದ ಹೂವಿನ ತ್ವಾಟ, ಮುಂದ ಅವ್ವ ಕಂಬ ನಿಂತಂಗ ನಿಂತಾಳ. ಆಕಿ ಜೀವನದಾಗ ಹಂಗ ನಿಂತಾಕೀನ ಅಲ್ಲ."

ಆಮೇಲೆ ಚಾಪೆಯ ಮೇಲೆ ಕೂತು ಬಂದ ಕಾರಣ ಹೇಳಿದಳು. ಅವಳ ಮಗಳು ಪಲ್ಲವಿಗೆ ಈಗ ಕೂಸು. ಆ ಹುಡುಗಿ ಕೂಸು ಸೀನಿದರೂ ಆಕಳಿಸಿದರೂ ಮೊಬೈಲಿನಲ್ಲಿ ಹಿಡಿಯುತ್ತಾಳೆ. ಒಂದು ದಿನ ಮೊಬೈಲು ಹಿಡಿದುಕೊಂಡೇ, "ಅವ್ವಾ, ನಿಮ್ಮವ್ವ ಹೆಂಗ ಮಾತಾಡತಿದ್ಲು? ಒಂಚೂರು ಆಡಿ ತೋರಸು, ಕೂಸಿಗೆ ಇಡತೀನಿ," ಎಂದಳಂತೆ.

"ಬಾಯಿ ತಗದ್ನಿ. ಏನೂ ಬರಲಿಲ್ಲ," ಎಂದಳು ಕಸ್ತೂರಿ. "ಅವ್ವ ಭಾಳ ಮಾತಾಡತಿದ್ಲು ಅಂತ ಗೊತ್ತೈತಿ. ಏನ್ ಮಾತಾಡತಿದ್ಲು? ಹೆಂಗ ಮಾತಾಡತಿದ್ಲು? ದನಿ ಸಣ್ಣದಿತ್ತೋ ದೊಡ್ಡದಿತ್ತೋ? ತಲ್ಯಾಗಿಂದ ಹೋಗೇಬಿಟ್ಟೈತಿ. ನಿನಗರ ನೆನಪೈತೇನು?"

ರೇಣವ್ವ ಚಾಪೆಯ ತುದಿಗೆ ಬಂದು ಕೂತಳು. "ಭಾಳ ಚಂದ ಮಾತಾಡೋರ್ರಿ. ನಕ್ಕೋತ ನಕ್ಕೋತ ನಮ್ಮ ಹೊಟ್ಟಿ ನೋಯತಿತ್ತು. ಆದ್ರ ಏನಂತಿದ್ರು ಅಂದ್ರ…" ಎಂದು ನಿಂತುಬಿಟ್ಟಳು. "ಇಲ್ರಿ. ಮಾತಿನ ಮಾತು ನೆನಪಿಲ್ರಿ."

ನಾನು ಮಾಡದಲ್ಲಿ ಕೂತಿದ್ದೆ. ಹಾಲಿಗೆ ಹೇಳಿದ್ದು, ರೊಟ್ಟಿಗೆ ಹೇಳಿದ್ದು, ಕಾಗೆಗೆ ಹೇಳಿದ್ದು, ಕೊನೆಗೆ ಒಲೆಗೆ ಹೇಳಿದ್ದು ಎಲ್ಲ ನನಗೆ ಬಾಯಿಪಾಠ. ಕೇಳುವವಳು ಮಾರುದ್ದ ದೂರದಲ್ಲಿದ್ದಳು. ಎದೆಯಗಲದ ಬಾಯಿ ಕೊಟ್ಟು, ಅದನ್ನು ತೆರೆಯುವ ಅಧಿಕಾರವನ್ನು ಇನ್ನೊಬ್ಬರ ಬೆರಳಿಗೆ ಕೊಟ್ಟವರಿಗೆ ಏನೆನ್ನಬೇಕು?

"ಅಪ್ಪ ಒಯ್ದ ಕ್ಯಾಸೆಟ್ಟೆಲ್ಲ ಕೇಳೇನಿ," ಎಂದಳು ಕಸ್ತೂರಿ. ಮಾಸ್ತರು ತೀರಿಕೊಂಡೂ ಬಹಳ ವರ್ಷವಾಗಿತ್ತು. "ಕಪಾಟಿನ ತುಂಬ ಪ್ರವಚನ. ಒಂದರಾಗೂ ಅವ್ವ ಇಲ್ಲ. ಆಕಿ ಬಳಿ ಸದ್ದು ಸೈತ ಇಲ್ಲ. ಇಡೀ ಆಯುಷ್ಯ ಆಕಿ ಬಾಯಿ ಮುಚ್ಚಿಸಿದಾ ನಮ್ಮಪ್ಪ. ಊರಾಗಿನ ಮುದುಕರ ಕೆಮ್ಮು ಜ್ವಾಪಾನ ಮಾಡಿದಾ, ಮನ್ಯಾಗಿನ ಹೆಂಗಸಿನ ಮಾತು ಅವಗ ಗದ್ದಲ ಆತು. ನಾ ಅವನ್ನ ಕ್ಷಮಿಸಾಂಗಿಲ್ಲ."

ಅವಳ ದನಿಯಲ್ಲಿ ಹಸಿ ಸಿಟ್ಟಿತ್ತು. ಮೂವತ್ತು ವರ್ಷದ ಹಿಂದೆ ತೀರಿಕೊಂಡವಳಿಗಾಗಿ, ಈಗ ಇಲ್ಲದವನ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಎನ್ನುತ್ತಾರಲ್ಲ, ಅಂಥ ಸಿಟ್ಟು.

"ಅಟ್ಟದ ಮ್ಯಾಲ ಒಂದು ಚೀಲ ಐತ್ರಿ, ಮಾಸ್ತರು ಬಿಟ್ಟು ಹೋಗಿದ್ದು," ಎಂದಳು ರೇಣವ್ವ. ಆಮೇಲೆ ಅಂಜುತ್ತ ಸೇರಿಸಿದಳು. "ನಮ್ಮ ಮನಿಯವರು ಕೆಲವೊಂದರ ಮ್ಯಾಲ ಹಾಡು ತುಂಬ್ಯಾರ್ರಿ."

ಕಸ್ತೂರಿ ಏಣಿ ಹಾಕಿ ತಾನೇ ಹತ್ತಿ ಚೀಲ ಇಳಿಸಿದಳು. ನನ್ನನ್ನೂ ಮಾಡದಿಂದ ಇಳಿಸಿ ಚಾಪೆಯ ಮೇಲಿಟ್ಟಳು. ರೇಣವ್ವ ವೈರು ಹುಡುಕಿ ತಂದು ಸಿಕ್ಕಿಸಿದಳು. ಎಷ್ಟೋ ವರ್ಷದ ಮೇಲೆ ನನ್ನ ಮೈಯಲ್ಲಿ ಕರೆಂಟು ಹರಿಯಿತು. ಬೆಲ್ಟು ಜಾರಿ ಜಾರಿ ಹೇಗೋ ಹಿಡಿದುಕೊಂಡಿತು.

ಒಂದು ಕ್ಯಾಸೆಟ್ಟು ಹಾಕಿದಳು, ಪರಸಪ್ಪನ ಸಿನೆಮಾ ಹಾಡು. ಇನ್ನೊಂದು, ಅದೂ ಹಾಡು. ಮತ್ತೊಂದರಲ್ಲಿ ಶಾಲೆಯ ಗಣರಾಜ್ಯೋತ್ಸವ, ಮೈಕಿನ ಕೂಗಾಟ. ಒಂದರಲ್ಲಿ ಬರೇ ಸುಂಯ್ ಎನ್ನುವ ಸದ್ದು. ಹೊರಗೆ ಮಗ್ಗಗಳು ಬಡಿಯುತ್ತಿದ್ದವು. ನನ್ನ ಕ್ಷೀಣ ದನಿ ಕೇಳದೆ ಅವಳು ಚಾಪೆಯ ಮೇಲೆ ಅಡ್ಡಾಗಿ ಕಿವಿಯನ್ನು ನನ್ನ ಜಾಲರಿಗೆ ಆನಿಸಿದಳು. ಅವಳ ಕಿವಿಯೋಲೆ ನನಗೆ ಚುಚ್ಚುತ್ತಿತ್ತು. ರೇಣವ್ವ ಮಾಡಿ ಕೊಟ್ಟ ಚಹಾ ಆರಿ ಕೆನೆಗಟ್ಟಿತು.

ಎಲ್ಲ ಮುಗಿದವು. ಕಸ್ತೂರಿ ಎದ್ದು ಕೂತಳು. ಆಗ ರೇಣವ್ವ, "ಇವುಗಳ ಎರಡನೇ ಮಗ್ಗಲ ನೋಡಿದ್ರೇನ್ರಿ? ನಮ್ಮ ಮನಿಯವರು ಒಂದ ಕಡೆ ತುಂಬತಿದ್ರು," ಎಂದಳು.

ಅವಳು ಮತ್ತೆ ಅಡ್ಡಾಗಿ, ಹಾಡಿನ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ತಿರುವಿ ಹಾಕತೊಡಗಿದಳು. ಒಂದರಲ್ಲಿ ಮೊದಲು ಏನೋ ಸರಿದಾಡಿದ ಸದ್ದು ಬಂತು. ನನಗೆ ಗೊತ್ತಾಯಿತು ಅದು ಯಾವುದೆಂದು. ಕರೆಂಟು ಹೋದ ಒಂದು ಮಧ್ಯಾಹ್ನ, ಮಾಸ್ತರು ಮನೆಯಲ್ಲಿಲ್ಲದಾಗ, ಕಸ್ತೂರಿ ಶಾಲೆಯ ಸ್ಪರ್ಧೆಗೆ ಕಲಿತ ಭಾಷಣವನ್ನು ತಾನೇ ತುಂಬಿಸಿಕೊಂಡಿದ್ದಳು. ಫಕೀರವ್ವ ಹೊಸ್ತಿಲಲ್ಲಿ ಕೂತು ಓಣಿಯವರೊಡನೆ ಮಾತಾಡುತ್ತಿದ್ದಳು. ಮಾಸ್ತರಾದರೆ ಮೊದಲು ಸುಮ್ಮನಾಗಿಸಿ ಆಮೇಲೆ ಗುಂಡಿ ಒತ್ತುತ್ತಿದ್ದರು. ಈ ಹುಡುಗಿಗೆ ಅಷ್ಟು ಕ್ರಮ ಗೊತ್ತಿರಲಿಲ್ಲ. ಮೊದಲು ಗುಂಡಿ ಒತ್ತಿ, ಆಮೇಲೆ ಬಾಯಿ ತೆರೆದಿದ್ದಳು.

ನಾನು ನುಡಿದೆ. ನುಡಿಯದೆ ಗತಿ ಇರಲಿಲ್ಲ.

"ಯವ್ವಾ, ಬಾಯಿ ಮುಚ್ಚಬೇ. ನಿನ್ನ ದನಿ ಬಂದ್ರ ಟೇಪು ಕೆಡತೈತಿ."

"ಆತ್ ತಗೋ ಯವ್ವಾ. ಸುಮ್ಕ ಆದ್ನಿ."

ಆಮೇಲೆ ಒಂದು ಗಂಟಲು ಸರಿಮಾಡಿಕೊಂಡ ಸದ್ದು. "ಪೂಜ್ಯ ಗುರುಗಳೇ, ನನ್ನ ಪ್ರೀತಿಯ ಸಹಪಾಠಿಗಳೇ. ನಾನು ಈ ದಿನ ಗ್ರಂಥಾಲಯದ ಉಪಯೋಗಗಳ ಬಗ್ಗೆ ಎರಡು ಮಾತುಗಳನ್ನಾಡಲು ಬಯಸುತ್ತೇನೆ." ಅಲ್ಲಿಂದ ಮುಂದೆ ಟೇಪು ಮುಗಿಯುವವರೆಗೂ ಗ್ರಂಥಾಲಯ. ಒಂದಕ್ಷರ ಕೆಟ್ಟಿಲ್ಲ. ಹಿನ್ನೆಲೆಯಲ್ಲಿ ಒಂದು ಬಳೆಯ ಸದ್ದಿಲ್ಲ.

ಕಸ್ತೂರಿ ಭಾಷಣ ಮುಗಿದ ಮೇಲೆ ಹಿಂದಕ್ಕೆ ಸುತ್ತಿ ಮತ್ತೆ ಕೇಳಿದಳು. ನನ್ನ ಬೆಲ್ಟು ಸಡಿಲು, ಆ ಎರಡು ಮಾತು ಎಳೆದೆಳೆದು, ದಪ್ಪವಾಗಿ ಬಂದವು. "ಅವ್ವಂದು ಇಷ್ಟು ದಪ್ಪ ದನಿ ಇರಲಿಲ್ಲ," ಎಂದಳು. ಇನ್ನೊಮ್ಮೆ ಸುತ್ತಿ ಕೇಳಿ, "ಇತ್ತೋ ಏನೋ," ಎಂದಳು.

ಫಕೀರವ್ವನ ದನಿ ಸಣ್ಣದು, ಕೊನೆಗೆ ಸ್ವಲ್ಪ ಮೇಲಕ್ಕೆ ಏರುವಂಥದ್ದು. ಅದನ್ನು ನಾನು ಕೆಡಿಸಿ ಕೊಟ್ಟೆ.

"ಆ ಹುಡುಗಿ ಯಾರ್ರಿ?" ಎಂದು ರೇಣವ್ವ ಕೇಳಿದಳು. ಮಗ್ಗದ ಸದ್ದಿನಲ್ಲಿ ಅವಳಿಗೆ ಪೂರ್ತಿ ಕೇಳಿಸಿರಲಿಲ್ಲ.

"ನಾನಽ," ಎಂದಳು ಕಸ್ತೂರಿ.

ಆಮೇಲೆ ಅವಳು ಅಪ್ಪನನ್ನು ಬೈಯಲಿಲ್ಲ. ಬೈಗುಳಕ್ಕೆ ತಂದಿದ್ದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡು, ಕ್ಯಾಸೆಟ್ಟು ಹೊರತೆಗೆದು, ಸೀರೆಯ ಪಿನ್ನು ಬಿಚ್ಚಿ ಅದರ ಬೆನ್ನಿನ ಹಲ್ಲು ಎರಡನ್ನೂ ಮುರಿದಳು. ಕ್ಯಾಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಳು. ರೇಣವ್ವ ನನ್ನನ್ನೂ ಒಯ್ಯಿರಿ ಎಂದಳು. "ಬ್ಯಾಡ. ಇಲ್ಲೇ ಇರಲಿ," ಎಂದಳು, ನನ್ನ ಕಡೆ ನೋಡದೆ. ಕಂಡಿಕಿಯ ರಾಟಿ ಇದ್ದ ಮೂಲೆಯ ನೆಲವನ್ನು ಒಮ್ಮೆ ಅಂಗೈಯಿಂದ ಮುಟ್ಟಿದಳು. ಕಿಟಕಿಯ ಕೆಳಗಿನ ನೆಲವನ್ನೂ ಮುಟ್ಟಿದಳು. ಯಾವುದಾದರೂ ಒಂದು ಸರಿ ಇದ್ದೀತು ಎಂದಿರಬೇಕು.

ಹೊಸ್ತಿಲು ದಾಟುವಾಗ ಅವಳ ಮೊಬೈಲು ರಿಂಗಾಯಿತು. ಮಗ್ಗದ ಗದ್ದಲಕ್ಕೆ ಸ್ಪೀಕರು ಹಚ್ಚಿ ಮಾತಾಡಿದಳು, ಅದರಿಂದ ನನಗೂ ಕೇಳಿಸಿತು.

"ಅಜ್ಜಿ ಸಿಕ್ಕಳೇನವ್ವಾ?" ಎಂದಳು ಪಲ್ಲವಿ.

"ಸಿಕ್ಕಳು."

"ಹೌದಾ? ಏನ್ ಅಂತಾಳ?"

ಕಸ್ತೂರಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ನಾ ಬಾಯಿ ಮುಚ್ಚು ಅಂದ್ನಿ," ಎಂದಳು. "ಆಕಿ ಆತು ಅಂದ್ಲು."

ಅತ್ತ ಕಡೆಯಿಂದ ಕೂಸು ಅತ್ತ ಸದ್ದು ಬಂತು, ಪಲ್ಲವಿ ಏನೋ ಕೇಳುತ್ತಿದ್ದಳು. ಕಸ್ತೂರಿ ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡೇ ಓಣಿಯಲ್ಲಿ ನಡೆದು ಹೋದಳು.

ರೇಣವ್ವ ನನ್ನನ್ನು ಮತ್ತೆ ಮಾಡದಲ್ಲಿಟ್ಟಿದ್ದಾಳೆ. ಇನ್ನು ಯಾರೂ ನನ್ನನ್ನು ಇಳಿಸಲಿಕ್ಕಿಲ್ಲ, ಬೆಲ್ಟೂ ಇನ್ನೊಂದು ಸಲ ತಿರುಗಲಿಕ್ಕಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ವಯಸ್ಸಾದ ಸಾಮಾನಿಗೆ ಒಂದು ಮೂಲೆ ಸಿಗುವುದೇ ಹೆಚ್ಚು. ನನಗಿರುವ ಸಂಕಟ ಒಂದೇ. ಈ ಮನೆಯಲ್ಲಿ ನಾನು ಹಿಡಿದಿಟ್ಟ ಪ್ರವಚನಗಳನ್ನು ಇಂದು ಕೇಳುವವರಿಲ್ಲ. ಕೇಳಲು ಬಂದ ಒಬ್ಬಳಿಗೆ, ತಾಯಿ ಆಡಿದ ಸಾವಿರ ಮಾತು ಬಿಟ್ಟು, ಆಕೆ ಮಾತು ನಿಲ್ಲಿಸಿದ್ದೊಂದನ್ನು ಕೊಟ್ಟು ಕಳಿಸಿದೆ.